ಚೌಡಮ್ಮನ ಮೇಲ್ಕಟ್ಟು

ಮಂಗಳವಾರ ಬೆಳಿಗ್ಗೆ ಏಳೂವರೆಗೆ ಕಲ್ಯಾಣದುರ್ಗದ ಸ್ಟೇಷನ್ನಿಗೆ ಬಂದ ಕಂಪ್ಲೇಂಟು ಇಷ್ಟು: ನೇಕಾರರ ಬೀದಿಯ ಗುಡಿಯಲ್ಲಿ ಚೌಡಮ್ಮನ ತಲೆಯ ಮೇಲೆ ಕಟ್ಟಿದ್ದ ರೇಷ್ಮೆಯ ಮೇಲ್ಕಟ್ಟು ಕಳುವಾಗಿದೆ. ತಂದವರು ಗುಡಿ ಕಮಿಟಿಯ ಅಧ್ಯಕ್ಷ ಚೆನ್ನಕೇಶವ. ಹುಂಡಿ ಹಾಗೇ ಇದೆ, ಅಮ್ಮನ ಬೆಳ್ಳಿ ಕಣ್ಣುಗಳೂ ಹಾಗೇ ಇವೆ, ಬಟ್ಟೆಯೊಂದೇ ಇಲ್ಲ ಅಂದಾಗ ಸ್ಟೇಷನ್ ರೈಟರ್ ಪೆನ್ನು ಕೆಳಗಿಟ್ಟು ನಕ್ಕುಬಿಟ್ಟ. ಇನ್‌ಸ್ಪೆಕ್ಟರ್ ಓಬುಳಪತಿ ನಗಲಿಲ್ಲ. ತಾನಿರುವ ಊರಲ್ಲಿ ಅಮ್ಮನ ಗುಡಿಗೇ ಕೈ ಹಾಕಿದರಲ್ಲ ಅಂತ ಅವರ ಮೀಸೆ ಕುಣಿಯುತ್ತಿತ್ತು.

"ಕದ್ದೋನು ಯಾರಂತ ಗೊತ್ತು ಸಾರ್," ಅಂದರು ಚೆನ್ನಕೇಶವ. "ಪೂಜಾರಿ ಎರ್ರಪ್ಪ. ಬೀಗ ಒಡೆದಿಲ್ಲ. ಬೀಗದ ಕೈ ಇರೋದು ಅವನೊಬ್ಬನ ಹತ್ರ."

"ನೀವು ನೋಡಿದ್ರಾ?"

"ನೋಡ್ಬೇಕಾ ಸಾರ್? ಶುಕ್ರವಾರ ಅಮ್ಮನ ಜ್ಯೋತಿ ಉತ್ಸವ. ಗೋರಂಟ್ಲ, ರೊದ್ದಂ ಕಡೆ ನೇಕಾರರೆಲ್ಲ ಬತ್ತಾರೆ. ಅಷ್ಟ್ರೊಳಗೆ ಮೇಲ್ಕಟ್ಟು ಸಿಗದಿದ್ರೆ ಬೀಗದ ಕೈ ಕಿತ್ಕೊಂಡು ಬೇರೆಯವರಿಗೆ ಕೊಡ್ತೀವಿ. ಕಮಿಟಿಯಲ್ಲಿ ತೀರ್ಮಾನ ಆಗೋಯ್ತು."

ಎರ್ರಪ್ಪನ ತಾತನ ಕಾಲದಿಂದ ಆ ಮನೆಯವರೇ ಅಮ್ಮನಿಗೆ ದೀಪ ಹಚ್ಚಿದ್ದು. ಅದನ್ನೂ ಚೆನ್ನಕೇಶವರೇ ಹೇಳಿದರು, ಅಷ್ಟೇನೂ ಸಂಕಟವಿಲ್ಲದೆ. ಪೂಜಾಸ್ಥಳದಲ್ಲಿ ಕಳವು ಅಂತ ಭಾರತೀಯ ನ್ಯಾಯ ಸಂಹಿತೆಯ ೩೦೫ನೇ ಕಲಮಿನಡಿ ಎಫ್‌ಐಆರ್ ಆಯಿತು.

ಇಬ್ಬರು ಪಂಚರನ್ನು ಕರೆದುಕೊಂಡು ಓಬುಳಪತಿ ಗುಡಿಗೆ ಹೋದರು. ಜೊತೆಗೆ ಕಾನ್‌ಸ್ಟೆಬಲ್ ಇಂದ್ರಾಣಿ. ಪಂಚನಾಮೆ ಶುರು ಮಾಡುವ ಮೊದಲೇ ಎಲ್ಲರ ಕಣ್ಣೂ ಮೇಲೆ ಹೋಯಿತು. ಮೇಲ್ಕಟ್ಟು ಇದ್ದ ಜಾಗ ಖಾಲಿ ಇರಲಿಲ್ಲ. ಅಲ್ಲಿ ಮಡಿಕೆಯ ಗೆರೆ ಇನ್ನೂ ಮಾಸದ ಕೆಂಪು ರೇಷ್ಮೆ ಸೀರೆಯೊಂದನ್ನು ಮಡಚಿ ನಾಲ್ಕು ಮೂಲೆಗೆ ಕಟ್ಟಿದ್ದರು.

"ಕಳ್ಳನಿಗೆ ಇದೇನು ಉಸಾಬರಿ?" ಅಂದರು ಓಬುಳಪತಿ.

"ಅಮ್ಮನ ನೆತ್ತಿ ಬರಿದಾಗಿ ಬಿಡಬಾರದು ಸಾರ್," ಅಂದಳು ಇಂದ್ರಾಣಿ. "ಹಳೇ ಮೇಲ್ಕಟ್ಟು ಇಳಿಸೋಕೆ ಮುಂಚೆ ಹೊಸದು ರೆಡಿ ಇರ್ಬೇಕು. ನಮ್ಮೂರಲ್ಲೂ ಹಂಗೇ."

ಅವಳು ಸ್ಟೂಲು ಹತ್ತಿ ಸೀರೆ ಇಳಿಸಿದಳು. ಡಾಂಬರು ಗುಳಿಗೆಯ ವಾಸನೆ ಗಪ್ಪೆಂದು ಹೊಡೆಯಿತು. ನಾಲ್ಕು ಮೂಲೆಗೂ ಬಟ್ಟೆಯ ಕುಣಿಕೆ ಹೊಲಿದಿತ್ತು. ಸೀರೆ ಹರಿಯದ ಹಾಗೆ, ಕಣ್ಣಿಗೆ ಕಾಣದ ಹಾಗೆ ಹಾಕಿದ ಸಣ್ಣ ಹೊಲಿಗೆ. ಓಬುಳಪತಿ ಅದನ್ನು ಮತ್ತೆ ಕೊಕ್ಕೆಗಳಿಗೆ ಹಿಡಿಸಿ ನೋಡಿದರು. ಒಂದು ಬೆರಳೂ ಹೆಚ್ಚುಕಮ್ಮಿ ಇಲ್ಲ. ಮನೆಯಲ್ಲೇ ಹೊಲಿದು ತಂದಿದ್ದಾರೆ, ಅಂದಮೇಲೆ ಅಳತೆ ಮೊದಲೇ ಗೊತ್ತಿತ್ತು.

ಎರ್ರಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಅರವತ್ತು ದಾಟಿದ ಸಣಕಲು ಆಳು, ಮಾತು ಮಾತ್ರ ಗಟ್ಟಿ.

"ಪೂಜಾರಪ್ಪಾ, ನಿನ್ನೆ ಗುಡಿ ಯಾವಾಗ ಮುಚ್ಚಿದ್ರಿ?"

"ಮಧ್ಯಾಹ್ನ ಸಾರ್. ಊಟ ಮಾಡ್ಕಂಡು ಬಂದು ಒಳಗೆ ಹೋಗ್ದೆ ಹಂಗೇ ಬೀಗ ಹಾಕ್ದೆ. ಸೀರೆ ನೋಡಿದ್ದು ಇವತ್ತೇ."

"ಊಟಕ್ಕೆ ಹೋದಾಗ ಒಳಗೆ ಯಾರಿದ್ರು?"

"ಒಬ್ಬ ಹೆಣ್ಮಗಳು."

"ಯಾರು?"

"ಹೇಳಾಕಿಲ್ಲ."

"ಗೊತ್ತಿಲ್ವೋ, ಹೇಳಲ್ವೋ?"

"ಹೇಳಾಕಿಲ್ಲ ಸಾರ್. ಅಮ್ಮನ ಮುಂದೆ ಒಬ್ಬಳೇ ಕುಂತು ಅಳ್ಬೇಕು ಅಂತ ಬಂದಿದ್ಲು. ಕುಂತಿರವ್ವ, ಉಂಡ್ಕಂಡು ಬತ್ತೀನಿ ಅಂತ ಬುಟ್ಟು ಹೋದೆ. ಅತ್ತೋರ ಹೆಸರನ್ನ ಸ್ಟೇಷನ್ನಾಗೆ ಬರೆಸೋ ಪೂಜಾರಿ ನಾನಲ್ಲ."

"ಬೀಗದ ಕೈ ಹೋಗ್ತದೆ."

"ಹೋಗ್ಲಿ ಬುಡಿ," ಅಂದ ಎರ್ರಪ್ಪ. ಹೇಳಿದ್ದೇನೋ ಜೋರಾಗಿಯೇ, ಆದರೆ ಸೊಂಟದ ಬೀಗದ ಕೈಯನ್ನು ಅವನ ಬೆರಳುಗಳು ಗಟ್ಟಿಯಾಗಿ ಹಿಡಿದುಕೊಂಡಿದ್ದವು. ಇಂಥ ಹಟಮಾರಿಯನ್ನು ಎರಡು ಬಿಟ್ಟರೆ ಬಾಯಿ ಬಿಡುತ್ತಾನೆ ಅಂತ ಪಂಚರಲ್ಲೊಬ್ಬ ಪಿಸುಗುಟ್ಟಿದ. ಓಬುಳಪತಿ ಅವನನ್ನು ದುರುಗುಟ್ಟಿ ನೋಡಿ ಸುಮ್ಮನಾಗಿಸಿದರು.

"ಮೇಲ್ಕಟ್ಟು ಮಾಡಿದ್ಯಾರು?" ಅಂತ ಚೆನ್ನಕೇಶವರನ್ನು ಕೇಳಿದರು.

"ಹಿಂದೂಪುರದ ಮಲ್ಲೇಶ್ವರಿ ಸಾರ್. ಮಗ್ಗಂ ವರ್ಕ್ ಮಾಡ್ತಾರೆ, ಚೌಕಟ್ಟಿಗೆ ಬಟ್ಟೆ ಬಿಗಿದು ಹಾಕೋ ಕಸೂತಿ. ರೇಷ್ಮೆ ನಾವು ಕೊಟ್ವಿ, ಹಂಸಗಳ ಜರಿ ಕೆಲಸ ಅವರದು. ಹೋದ ತಿಂಗಳು ತಾವೇ ಬಂದು ಕಟ್ಟಿಸಿ ಹೋದ್ರು. ಏನು ಕೆಲಸ ಅಂತೀರಿ, ನೋಡಿದ್ರೆ ಹಸಿವಾಗ್ತಿರಲಿಲ್ಲ."

ಅಮ್ಮನ ನೆತ್ತಿಗೆ ಎರ್ರಪ್ಪನ ಕೈಯಲ್ಲಿ ಬೇರೆ ಬಟ್ಟೆ ಕಟ್ಟಿಸಿ ಸೀರೆಯನ್ನು ತೆಗೆದುಕೊಂಡರು. ಬುಧವಾರ ಬೆಳಿಗ್ಗೆ ಜೀಪು ಹೊರಟಿತು. ಹಿಂದೂಪುರ ಈಗ ಬೇರೆ ಜಿಲ್ಲೆ, ಅಲ್ಲಿನ ಸ್ಟೇಷನ್ನಿಗೆ ತಿಳಿಸಿ ಇಬ್ಬರು ಪಂಚರನ್ನು ಮಲ್ಲೇಶ್ವರಿಯ ಬೀದಿಯ ತುದಿಯಲ್ಲಿ ನಿಲ್ಲಿಸಿಕೊಂಡರು. ಅಳತೆ ಗೊತ್ತಿರುವುದೊಂದರಿಂದಲೇ ಯಾರನ್ನೂ ಹಿಡಿಯಲಾಗದು ಅನ್ನುವುದು ಓಬುಳಪತಿಗೆ ಚೆನ್ನಾಗಿ ಗೊತ್ತಿತ್ತು.

ಮಲ್ಲೇಶ್ವರಿಯ ಮನೆಯ ಪಡಸಾಲೆ ತುಂಬ ಮದುವೆ ಬ್ಲೌಸುಗಳು ತೂಗಾಡುತ್ತಿದ್ದವು. ಐವತ್ತರ ಹೆಂಗಸು, ದಪ್ಪ ಕನ್ನಡಕ, ನೆಟ್ಟಗಿನ ಬೆನ್ನು. ಒಳಕೋಣೆಯ ಬಾಗಿಲು ಮುಚ್ಚಿತ್ತು. ಪೊಲೀಸರನ್ನು ಕಂಡು ಅವಳೇನೂ ಗಾಬರಿ ಬೀಳಲಿಲ್ಲ. ಕುರ್ಚಿ ಹಾಕಿ, ನೀರು ಕೊಟ್ಟಳು.

"ನಿಮ್ಮ ಕೆಲಸ ಬಲು ಫೇಮಸ್ಸಂತೆ," ಅಂದರು ಓಬುಳಪತಿ.

"ಹಿಂದೂಪುರದಾಗೆ ನನ್ನ ಬ್ಲೌಸು ಹಾಕ್ಕಂಡ್ರೆ ಮದುವೆ ಸಾರ್, ಇಲ್ದಿದ್ರೆ ಬರೀ ಊಟ," ಅಂದಳು, ನಗದೆಯೇ.

ಇಂದ್ರಾಣಿ ಸೀರೆಯನ್ನು ಬಿಚ್ಚಿ ಮುಂದಿಟ್ಟಳು.

"ಇದು ನಿಮ್ದಾ?"

"ಇಂಥವು ಎಲ್ರ ಮನೆಯಾಗೂ ಇರ್ತಾವೆ."

"ಸೋಮವಾರ ಎಲ್ಲಿದ್ರಿ?"

"ಮನೇಲಿ."

"ಈ ಕುಣಿಕೆ ಹೊಲಿದೋರು ಯಾರಿರಬಹುದು?"

"ನಂಗೇನ್ ತೆಲುಸು ಸಾರ್."

ಓಬುಳಪತಿ ಎದ್ದರು. "ನಡಿಯಮ್ಮ ಇಂದ್ರಾಣಿ. ನಾನು ಮೊದಲೇ ಹೇಳಲಿಲ್ವಾ? ಇದು ಈಯಮ್ಮನ ಕೈ ಅಲ್ಲ. ಯಾರೋ ಮೊನ್ನೆ ಮೊನ್ನೆ ಸೂಜಿ ಹಿಡಿದೋರು, ಅಂಕುಡೊಂಕಾಗಿ ಎಳೆದಿದ್ದಾರೆ."

"ಏನಂದ್ರಿ?"

"ಕಲಿಯೋರ ಹೊಲಿಗೆ ಅಂದೆ."

"ಕಲಿಯೋರದ್ದಾ?" ಮಲ್ಲೇಶ್ವರಿ ಸೀರೆಯನ್ನು ಕಿತ್ತುಕೊಂಡು ಕುಣಿಕೆಯನ್ನು ಅವರ ಮೂಗಿನ ತನಕ ಹಿಡಿದಳು. "ಕಣ್ಣಿಟ್ಟು ನೋಡಿ ಸಾರ್! ಎಲ್ಲಿದೆ ಡೊಂಕು? ಇಡೀ ಹಿಂದೂಪುರದಾಗೆ ಈ ಥರ ನಾಲ್ಕು ಕುಣಿಕೆ ಯಾರಾನಾ ಹಾಕ್ಲಿ ನೋಡುವಾ! ಕನ್ನಡಕ ಇಲ್ದೆ ಹಾಕ್ದೆ ಇದನ್ನ, ಕನ್ನಡಕ ಇಲ್ದೆ!"

ಹೇಳಿಬಿಟ್ಟ ಮೇಲೆ ತಾನು ಏನು ಹೇಳಿದೆ ಅನ್ನುವುದು ಅವಳಿಗೆ ಹೊಳೆಯಿತು. ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ ದೇವುಡಾ, ಈ ಬಾಯಿಗೆ ಬೆಂಕಿ ಬೀಳ!"

ಓಬುಳಪತಿ ಪಂಚರನ್ನು ಕರೆಸಿದರು. ಅವಳೇ ಒಳಕೋಣೆಯ ಬಾಗಿಲು ತೆಗೆದಳು. ಮಂಚದಷ್ಟು ದೊಡ್ಡ ಮರದ ಚೌಕಟ್ಟಿಗೆ ಮೇಲ್ಕಟ್ಟನ್ನು ಬಿಗಿದು ಕಟ್ಟಿತ್ತು. ಕೆಂಪು ರೇಷ್ಮೆ, ಅಂಚಿನ ಸುತ್ತ ಜರಿಯ ಹಂಸಗಳು. ಎಲ್ಲವೂ ನಡುವಿನ ಕಮಲದ ಕಡೆ ಮುಖ ಮಾಡಿದ್ದವು, ಅಂದರೆ ಅಮ್ಮನ ಕಡೆ. ಇಂದ್ರಾಣಿ ಬಾಯಿ ತೆರೆದುಕೊಂಡು ನಿಂತಳು. ಕದ್ದ ಮಾಲಿನ ಮುಂದೆ ಹಾಗೆ ನಿಲ್ಲಬಾರದು ಅನ್ನುವುದು ಅವಳಿಗೆ ಮರೆತೇ ಹೋಗಿತ್ತು. ಒಂದು ಮೂಲೆಯಲ್ಲಿ ಮಾತ್ರ ಹಂಸವಿರಲಿಲ್ಲ, ಬಿಚ್ಚಿದ ದಾರದ ತೂತುಗಳಿದ್ದವು.

"ಇದನ್ನ ಬಿಚ್ಚಿದ್ದು ಯಾಕೆ?"

ಮಲ್ಲೇಶ್ವರಿ ಬಾಗಿಲ ಕಡೆ ನೋಡಿದಳು. ಪಂಚರನ್ನು ಪಡಸಾಲೆಯಲ್ಲಿ ಕೂರಿಸಿದ ಮೇಲೆಯೇ ಬಾಯಿಬಿಟ್ಟದ್ದು.

"ಇದೊಂದು ಅಮ್ಮನಿಗೆ ಬೆನ್ನು ಹಾಕಿತ್ತು ಸಾರ್. ಟ್ರೇಸಿಂಗ್ ಪೇಪರ್ ಉಲ್ಟಾ ಇಟ್ಬುಟ್ಟಿದ್ದೆ. ಕಟ್ಟಿಸಿದ ದಿನ ತಲೆ ಎತ್ತಿ ನೋಡ್ದೆ, ಎದೆ ಧಸಕ್ ಅಂತು. ಬೇರೆ ಯಾರೂ ಗಮನಿಸಿಲ್ಲ. ಶುಕ್ರವಾರ ನೇಕಾರರೆಲ್ಲ ಅದರ ಕೆಳಗೇ ಕುಂತು ಮೇಲೆ ನೋಡಿ ಕೈ ಮುಗೀತಾರೆ. ಅವರ ಕಣ್ಣಿಗೆ ಬೀಳ್ದೇ ಇರ್ತದಾ? ನಾಳೆಗೆ ಮುಗಿಸಿ ಹಂಗೇ ತಗಂಡೋಗಿ ಕಟ್ತಿದ್ದೆ."

"ಕೇಳಿದ್ರೆ ಕಮಿಟಿಯವರು ಕೊಡ್ತಿರಲಿಲ್ವಾ?"

"ಕೊಡ್ತಿದ್ರು. ಯಾಕೆ ಅಂತ ಕೇಳ್ತಿದ್ರು."

ಓಬುಳಪತಿ ಚೌಕಟ್ಟಿನಿಂದ ಅವಳ ಕಡೆ ತಿರುಗಿದರು. "ಎರ್ರಪ್ಪ ನಿಮ್ಮ ಹೆಸರು ಹೇಳಲಿಲ್ಲ. ಅದಕ್ಕೆ ಅವರ ಪೂಜೆಯೇ ಕೈಬಿಟ್ಟು ಹೋಗೋ ಹಂಗಾಗಿದೆ."

ಅವಳ ಮುಖ ಇಳಿದುಹೋಯಿತು. ಅದು ಅವಳಿಗೆ ಗೊತ್ತೇ ಇರಲಿಲ್ಲ. "ಆ ದೇವರಂಥ ಮನುಷ್ಯನ ಮೇಲೆ ಹಾಕಿದ್ರಾ? ಈಗಲೇ ಫೋನ್ ಮಾಡಿ ಸಾರ್. ಮಲ್ಲೇಶ್ವರಿ ಕದ್ದಳು ಅಂತ ಹೇಳಿ, ನನ್ನ ಎದುರಿಗೇ ಹೇಳಿ."

ಓಬುಳಪತಿ ಚೆನ್ನಕೇಶವರಿಗೆ ಫೋನ್ ಮಾಡಿದರು. ಎರ್ರಪ್ಪನದು ಏನೂ ತಪ್ಪಿಲ್ಲ, ಮನೆಗೆ ಹೋಗಿ ಕ್ಷಮೆ ಕೇಳಿ ಅಂತ ಸ್ವಲ್ಪ ಗಡುಸಾಗಿಯೇ ಹೇಳಿದರು. ಆಮೇಲೆ ಪಂಚರನ್ನು ಒಳಗೆ ಕರೆದು ಪಂಚನಾಮೆ ಬರೆಯಲು ಕೂತರು. 'ತಪ್ಪಾಗಿ ಹೊಲಿದ ಹಂಸವನ್ನು ಸರಿಪಡಿಸುವ ಉದ್ದೇಶದಿಂದ ಆರೋಪಿಯು' ಅಂತ ಬರೆಯುವಷ್ಟರಲ್ಲಿ ಮಲ್ಲೇಶ್ವರಿ ಕಾಗದದ ಮೇಲೆ ಕೈ ಇಟ್ಟಳು.

"ಅದನ್ನ ಹೊಡೆದಾಕಿ."

"ಇದು ನಿಮಗೇ ಒಳ್ಳೇದು ಕಣಮ್ಮ. ಕದಿಯೋ ಮನಸ್ಸಿರಲಿಲ್ಲ ಅಂತ ಜಡ್ಜಿಗೆ ಗೊತ್ತಾಗ್ತದೆ."

"ಕಳ್ಳಿ ಅಂತ ಬರ್ಕೊಳ್ಳಿ ಸಾರ್, ಎಲ್ಲಿ ಬೇಕೋ ಅಲ್ಲಿ ಸೈನ್ ಹಾಕ್ತೀನಿ. ಮಲ್ಲೇಶ್ವರಿ ಹಂಸನ ತಿರುಗಾಮುರುಗಾ ಹೊಲಿದ್ಲು ಅಂತ ಮಾತ್ರ ಬರೀಬ್ಯಾಡಿ."

ಓಬುಳಪತಿ ಅವಳನ್ನು ನೋಡಿದರು. ಎಂಥ ಹೆಂಗಸಪ್ಪ ಇವಳು ಅನ್ನಿಸಿತು, ಮೆಚ್ಚಿಗೆಯಿಂದಲೇ. ಆ ಸಾಲು ಹೊಡೆದುಹಾಕಿ ಬೇರೆ ಬರೆದರು: 'ಒಂದು ಹಂಸದ ಕೆಲಸ ಬಾಕಿ ಇದೆ.' ಅವಳು ಎರಡು ಸಲ ಓದಿಸಿಕೊಂಡು, ತೆಲುಗಿನಲ್ಲಿ ದೊಡ್ಡ ದೊಡ್ಡ ಅಕ್ಷರದಲ್ಲಿ ಸಹಿ ಹಾಕಿದಳು. ಮಧ್ಯಾಹ್ನ ಎರಡಕ್ಕೆ ಇಂದ್ರಾಣಿ ಅವಳನ್ನು ಬಂಧಿಸಿ ಜೀಪು ಹತ್ತಿಸಿದಳು.

ಗುರುವಾರ ಕೋರ್ಟು ಅವಳಿಗೆ ಜಾಮೀನು ಕೊಟ್ಟಿತು, ಮೇಲ್ಕಟ್ಟನ್ನು ತಾತ್ಕಾಲಿಕವಾಗಿ ಗುಡಿಗೆ ಬಿಟ್ಟುಕೊಟ್ಟಿತು. ಶುಕ್ರವಾರ ಜ್ಯೋತಿಯ ಹೊತ್ತಿಗೆ ನೇಕಾರರು ಅದರ ಕೆಳಗೆ ಕೂತು ತಲೆ ಎತ್ತಿದರು. ಆ ಮೂಲೆ ಖಾಲಿಯೇ ಇತ್ತು, ಮಲ್ಲೇಶ್ವರಿ ಇನ್ನೂ ಗುಡಿಗೆ ಬಂದಿರಲಿಲ್ಲ. ಬೇರೆಯವರ ಕೈಯಲ್ಲಿ ತುಂಬಿಸೋಣ ಅಂದವರಿಗೆ ಎರ್ರಪ್ಪ, "ಅವಳೇ ಬಂದು ಹೊಲೀಲಿ, ಅಲ್ಲೀಗಂಟ ಯಾರೂ ಮುಟ್ಟಂಗಿಲ್ಲ," ಅಂದುಬಿಟ್ಟಿದ್ದ.

ಚೆನ್ನಕೇಶವ ಓಬುಳಪತಿಯ ಪಕ್ಕಕ್ಕೆ ಸರಿದು ಮೆಲ್ಲಗೆ ಕೇಳಿದರು: "ಸಾರ್, ಅಷ್ಟು ಚೆಂದದ ಹಂಸನ ಯಾಕೆ ಬಿಚ್ಚಿದ್ಲು?"

"ಅದು ಅವಳಿಗೂ ಅಮ್ಮನಿಗೂ ಬಿಟ್ಟದ್ದು," ಅಂದರು ಓಬುಳಪತಿ. "ನೀವು ಕೈ ಮುಗೀರಿ."