ಹನ್ನೆರಡು ಪದ ನಿನ್ನವು, ಹನ್ನೆರಡು ನನ್ನವು

"ಫೋನ್ ಆಫ್ ಮಾಡು. ರೌಟರ್ ವೈರ್ ಕಿತ್ತಿಟ್ಟಿದೀನಿ."

ಏಳು ತಿಂಗಳ ಮೇಲೆ ಮನೆಗೆ ಬಂದ ಹೆಂಡತಿಗೆ ಗಂಡ ಆಡಿದ ಮೊದಲ ಮಾತು ಇದು.

"ಕೂತ್ಕೋ ಅಂತ ಅಂದ್ರೆ ಬಾಯಿ ಸವೆದುಹೋಗುತ್ತಾ?" ಎಂದು ಅವಳೇ ಕುರ್ಚಿ ಎಳೆದುಕೊಂಡಳು.

ಇಬ್ಬರೂ ಸೇರಿ ಕೊಂಡ ಕ್ರಿಪ್ಟೋ ನಾಣ್ಯಗಳ ಕೀಲಿ ಹೆಬ್ಬೆರಳುದ್ದದ ಹಾರ್ಡ್‌ವೇರ್ ವ್ಯಾಲೆಟ್ಟಿನೊಳಗಿತ್ತು. ಅದು ಕೆಟ್ಟರೆ ಬೇಕಾಗುತ್ತದೆಂದು ವ್ಯಾಲೆಟ್ ಇಪ್ಪತ್ನಾಲ್ಕು ಪದ ಕೊಟ್ಟಿತ್ತು. ಮದುವೆಯಾದ ಹೊಸದರಲ್ಲಿ ಮೊದಲ ಹನ್ನೆರಡನ್ನು ಅವಳು, ಉಳಿದ ಹನ್ನೆರಡನ್ನು ಅವನು ಬರೆದುಕೊಂಡಿದ್ದರು. ಒಬ್ಬರ ಚೀಟಿ ಇನ್ನೊಬ್ಬರು ನೋಡುವಂತಿಲ್ಲ. ಇನ್ನು ಬಿಟ್ಟುಹೋಗೋಕೆ ಆಗಲ್ಲ ಎಂದು ನಕ್ಕಿದ್ದರು. ಪ್ರೀತಿ ತಲೆಗೇರಿದಾಗ ಜನರಿಗೆ ಇಂಥ ಬುದ್ಧಿಯೇ ಬರುತ್ತದೆ.

ಹೋದ ವಾರ ಅವನು ತಪ್ಪು ಪಿನ್ ಒತ್ತಿದ್ದ. ಮೂರನೆಯ ತಪ್ಪಿಗೆ ವ್ಯಾಲೆಟ್ ತನ್ನೊಳಗಿನದನ್ನೆಲ್ಲ ಅಳಿಸಿಕೊಂಡಿತು. ಈಗ ಇಪ್ಪತ್ನಾಲ್ಕು ಪದ ಕೂಡಬೇಕು, ಅದೂ ಇಂಟರ್ನೆಟ್ ಸುಳಿಯದ ಕೋಣೆಯಲ್ಲಿ.

ಅವಳು ಕೃತಕ ಹಲ್ಲು ಮಾಡುವವಳು. ಇನ್ನೊಬ್ಬರ ಲ್ಯಾಬಿನಲ್ಲಿ ದುಡಿದು ಸಾಕಾಗಿತ್ತು. ತನ್ನ ಪಾಲು ಕೈಗೆ ಬಂದರೆ ಪಿಂಗಾಣಿ ಹಲ್ಲು ಸುಡುವ ಕುಲುಮೆ ಕೊಂಡು ಸ್ವಂತ ಲ್ಯಾಬ್ ತೆರೆಯಬಹುದು. ಪದಗಳು ತಪ್ಪಿದರೆ ಲ್ಯಾಬೂ ಇಲ್ಲ, ನಾಣ್ಯವೂ ಇಲ್ಲ.

ಅವನು ಗೋಡೆಗೆ ಮುಖ ಮಾಡಿದ, ಅವಳು ತನ್ನ ಪದ ಒತ್ತಿದಳು. ಆಮೇಲೆ ಅವಳು ಗೋಡೆ ನೋಡಿದಳು. ಅವನ ಅಂಗಿಯಿಂದ ಅದೇ ಗ್ರೀಸ್ ವಾಸನೆ. ಆ ವಾಸನೆಗೆ ಎದೆ ಹಾರಿದ್ದು ಅವಳಿಗೆ ಸಿಟ್ಟು ತರಿಸಿತು.

"ಪದಗಳು ಸರಿಯಿಲ್ಲ ಅಂತಿದೆ," ಎಂದ ಅವನು.

ಎರಡನೆಯ ಸಲವೂ ಅದೇ ಹಾಡು.

"ಬೇಕಂತಲೇ ಮಾಡ್ತಿದೀಯ!" ಎಂದು ಅವಳು ಸಿಡುಕಿದಳು.

"ನಿನ್ನ ಕಾಗೆಕಾಲು ಅಕ್ಷರ ನಿಂಗೇ ಓದೋಕೆ ಬರಲ್ಲ, ನನ್ನನ್ನ ಅಂತೀಯ?"

"ಚೀಟಿ ಕೊಡಿಲ್ಲಿ."

"ನಿಯಮ..."

"ನಿನ್ನ ನಿಯಮಕ್ಕಿಷ್ಟು ಬೆಂಕಿ ಹಾಕ!" ಅವಳು ಕಿತ್ತುಕೊಂಡೇಬಿಟ್ಟಳು.

ನೋಡಿದವಳು ತುಟಿ ಕಚ್ಚಿಕೊಂಡಳು. ಅವನು ಲಿಫ್ಟ್ ಮೆಕ್ಯಾನಿಕ್. ಏನು ಪಟ್ಟಿ ಮಾಡಿದರೂ ಲಿಫ್ಟಿನ ಗುಂಡಿಗಳ ಹಾಗೆ ಕೆಳಗಿನಿಂದ ಮೇಲಕ್ಕೆ ಬರೆಯುವ ಚಾಳಿ. ದಿನಸಿ ಚೀಟಿಯೂ ಹಾಗೆಯೇ. ಇಲ್ಲೂ ಬುಡದಲ್ಲಿ ಅಕ್ಷರ ದೊಡ್ಡದು, ಮೇಲೆ ಹೋದಂತೆ ಜಾಗ ಸಾಲದೆ ಕಿರಿದು.

"ಕೆಳಗಿಂದ ಓದೋ, ಮಂಕೆ! ನೀನು ಬರೆಯೋದೇ ಹಾಗಲ್ವಾ?"

ಅವನು ಪೆಚ್ಚಾದ. ಈ ಸಲ ವ್ಯಾಲೆಟ್ ತೆರೆದುಕೊಂಡಿತು. ಅರ್ಧ ಪಾಲಿನ ವರ್ಗಾವಣೆಯನ್ನು ಅವಳು ಮೊದಲೇ ಲ್ಯಾಪ್‌ಟಾಪಿನಲ್ಲಿ ಸಿದ್ಧಮಾಡಿ ತಂದಿದ್ದಳು. ಅವನು ವ್ಯಾಲೆಟ್ಟಿನ ಗುಂಡಿ ಒತ್ತಿ ಸಹಿ ಹಾಕಿದ. ಸಹಿಗೆ ನೆಟ್ ಬೇಡ, ಕಳಿಸಲು ಬೇಕು.

ರೌಟರ್ ವೈರ್ ಹಿಡಿದವನು ಸಿಕ್ಕಿಸದೆ ನಿಂತ.

"ಒತ್ತಿದ ಪಿನ್ ತಪ್ಪು ಅಂತ ಮೊದಲನೇ ಸಲವೇ ಗೊತ್ತಾಯ್ತು. ಆಮೇಲೆರಡು ಸಲ ಬೇಕಂತಲೇ ಒತ್ತಿದೆ. ಇಲ್ಲದಿದ್ರೆ ನೀನು ಬರ್ತಿರಲಿಲ್ಲ."

ಅವಳ ಮೈಯೆಲ್ಲ ಉರಿಯಿತು. "ನನ್ನ ಚೀಟಿ ಕಳೆದುಹೋಗಿದ್ರೆ? ನನ್ನ ಲ್ಯಾಬ್ ನಿಂಗೆ ಆಟದ ಸಾಮಾನಾ? ನಾನು ಹೊರಟ ದಿನ ಹೋಗ್ಬೇಡ ಅಂತ ಒಂದು ಮಾತು ಬರಲಿಲ್ಲ ನಿನ್ನ ಬಾಯಿಂದ. ಗುಂಡಿ ಒತ್ತೋಕೆ ಮಾತ್ರ ಬರುತ್ತೆ!"

ವೈರ್ ಕಿತ್ತುಕೊಂಡು ತಾನೇ ಸಿಕ್ಕಿಸಿದಳು. ದೀಪಗಳು ಒಂದೊಂದಾಗಿ ಹಸಿರಾದವು. ಕಳಿಸಿದಳು. ಅವಳ ಪಾಲು ಅವಳಿಗೆ ಸೇರಿತು. ಅವನು ಬಾಗಿಲಿನತ್ತ ನೋಡಿದ, ಅವಳಿಗೆ ದಾರಿ ಬಿಡುವವನಂತೆ.

ಅವಳು ಚೀಲ ಹೆಗಲಿಗೇರಿಸಿದಳು, ಕದಲಲಿಲ್ಲ.

"ಇನ್ನು ನನ್ನದು ಅಂತ ನಿನ್ನ ಹತ್ರ ಏನೂ ಇಲ್ಲ. ಹಿಡಿದೆಳೆಯೋಕೆ ಒಂದು ನೆಪವೂ ಇಲ್ಲ. ಈಗ ಕರಿ ನೋಡೋಣ."

ಅವನು ಗಂಟಲು ಸರಿಮಾಡಿಕೊಂಡ. ಎರಡು ಸಲ.

"ವಾಪಸ್ ಬಾ. ನೀನಿಲ್ದೆ ನಂಗಾಗ್ತಿಲ್ಲ."

"ಜೋರಾಗಿ ಹೇಳು," ಎಂದಳು, ಚೀಲ ಕೆಳಗಿಡುತ್ತಾ.