ನಲವತ್ತೊಂದನೆಯ ಸುತ್ತು

"ಒಯ್ಯೋದಾದ್ರೆ ಒಯ್ಯಿ ಮಗಾ. ಆದ್ರೆ ತಿರುಗಿಸ್ಬೇಡ. ತಿರುಗಿಸಿದ್ರೂ ಬಾಯ್ಬಿಟ್ಟು ಎಣಿಸ್ಬೇಡ."

ಗುಜರಿ ಅಂಗಳದ ಮುದುಕಿ ಹೀಗೆಂದಾಗ ಗಿಳಿಗೆ ನಗು ತಡೆಯಲಾಗಲಿಲ್ಲ. ಗಿಳಿ ಎನ್ನುವುದು ಅಕ್ಕ ಇಟ್ಟ ಅಡ್ಡಹೆಸರು. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಕೆಮ್ಮು ಕ್ಯಾಕರಿಕೆ ಸಮೇತ ಹಾಗೇ ಒಪ್ಪಿಸಿಬಿಡುವ ಮೆಕ್ಯಾನಿಕ್ ಅವನು. ಅಕ್ಕನ ಗಂಡನ ಗ್ಯಾರೇಜಿಗೆ ಬಂದು ಮೂರು ತಿಂಗಳಾಗಿತ್ತು. ಅಷ್ಟರಲ್ಲೇ ಭಾವನ ದನಿಯಲ್ಲಿ ಅಕ್ಕನಿಗೇ ಫೋನು ಮಾಡಿ, ಅವಳು ಲಟ್ಟಣಿಗೆ ಹಿಡಿದು ಅಟ್ಟಿಸಿಕೊಂಡು ಬರುವಂತೆ ಮಾಡಿದ್ದ.

ಈಗ ಮುದುಕಿಯ ದನಿಯನ್ನು ಮುದುಕಿಗೇ ಹಿಂತಿರುಗಿಸಿದ. "ತಿರುಗಿಸ್ಬೇಡ ಮಗಾ, ಎಣಿಸ್ಬೇಡ ಮಗಾ! ಅಲ್ಲಜ್ಜೀ, ಆಕ್ಸಲ್ ತಗೊಂಡು ತಿರುಗಿಸ್ದೆ ತೊಟ್ಟಿಲಲ್ಲಿ ಮಲಗಿಸಿ ತೂಗ್ಲಾ?"

ಮುದುಕಿ ನಗಲಿಲ್ಲ. ಹೊರಗೆ ಸುಡುಬಿಸಿಲು. ತಗಡಿನ ಶೆಡ್ಡಿನೊಳಗೆ ಮಾತ್ರ ಬಾವಿಯ ತಳದಂಥ ಕತ್ತಲು, ತುಕ್ಕಿನ ಘಾಟು. ಮೂಲೆಯಲ್ಲಿ, ಕಾರಿನ ಹಿಂದಿನ ಎರಡು ಚಕ್ರಗಳನ್ನು ಹೊರುವ ಆ ಆಕ್ಸಲ್ ಒಂದೇ ಬಿದ್ದಿತ್ತು. ಬೇರೆ ಸಾಮಾನೆಲ್ಲ ಅದರಿಂದ ಮಾರುದೂರ ಸರಿದು ಕೂತ ಹಾಗಿತ್ತು.

"ನನ್ನ ಮಗ ಇದರ ಕೆಳಗೆ ಮಲಗಿ ಸುತ್ತು ಎಣಿಸ್ತಿದ್ದ. ನಲವತ್ತೊಂದು ಅನ್ನೋ ಹೊತ್ತಿಗೆ ಜೊತೆಗಾರ ಜಾಕ್ ಇಳಿಸ್ದ. ಬೇಕಂತಲೇ ಇಳಿಸ್ದ. ಮಗನ ಕೂದಲು, ಬೂದಿ ಇದರ ಹೊಟ್ಟೆಗೆ ತುಂಬಿ ಮಾಟ ಮಾಡಿದೋಳು ನಾನೇ. ಆ ಪಾಪಿ ಕಿವೀಲಿ ನನ್ನ ಮಗ ಎಣಿಸ್ತಾನೇ ಇರ್ತಾನೆ. ನಲವತ್ತೊಂದು ಮುಟ್ಟಿದ ದಿನ ಅವನ ಕತೆ ಮುಗೀತು. ತಪ್ಪಿಸ್ಕೋಬೇಕಂದ್ರೆ ಬದಲಿಗೆ ಇನ್ನೊಬ್ಬ ಬಾಯ್ಬಿಟ್ಟು ಎಣಿಸ್ಬೇಕು. ಇದಕ್ಕೆ ಕಣ್ಣಿಲ್ಲ ಮಗಾ. ದನಿ ಕೇಳಿ ಹಿಡಿಯುತ್ತೆ."

"ಕಿವಿ ಅಷ್ಟು ಚುರುಕಾ? ಹಂಗಾದ್ರೆ ಗೇರ್ ಎಣ್ಣೆ ಬದಲು ಕಿವಿಗೆ ಬಿಡೋ ಎಣ್ಣೆ ಹಾಕ್ತೀನಿ ಬಿಡು."

ಭಾವ ಒಳಗೆ ಬಂದಿರಲಿಲ್ಲ. "ಆ ಮುದುಕಿಗೂ ನಂಗೂ ಎಣ್ಣೆ ಸೀಗೆಕಾಯಿ" ಎಂದು ಹೊರಗೆ ವ್ಯಾನಿನಲ್ಲೇ ಕೂತಿದ್ದ. ಅವನ ರೇಸ್ ಕಾರಿನ ಆಕ್ಸಲ್ ಮುರಿದಿತ್ತು. ಬೆಟ್ಟ ಹತ್ತುವ ರೇಸಿಗೆ ಉಳಿದದ್ದು ಒಂದು ವಾರ. ಇದೇ ಶೆಡ್ಡು, ಇದೇ ಮೂಲೆ ಎಂದು ಗುರುತು ಹೇಳಿ ಕಳಿಸಿದವನೂ ಅವನೇ.

ಗ್ಯಾರೇಜಿನಲ್ಲಿ ಗಿಳಿ ಟೇಪು ಹಿಡಿದು ನೋಡಿದ. ಈ ತುದಿಯ ಬ್ರೇಕ್ ಡ್ರಮ್ಮಿನಿಂದ ಆ ತುದಿಯ ಡ್ರಮ್ಮಿಗೆ ಅಗಲ ಸರಿ. ಸ್ಪ್ರಿಂಗ್ ಕೂರುವ ಜಾಗ ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಒಂದು ಚಕ್ರ ತಿರುಗಿಸಿದರೆ ಇನ್ನೊಂದೂ ಅದೇ ದಿಕ್ಕಿಗೆ ತಿರುಗಿತು. ರೇಸಿಗೆ ಬೇಕಾದದ್ದೇ ಇಂಥದು. ಇನ್ನು ಉಳಿದದ್ದು ಗೇರಿನ ಲೆಕ್ಕ, ಚಕ್ರದ ಹತ್ತು ಸುತ್ತಿಗೆ ಎಂಜಿನ್ ದಂಡದ ಸುತ್ತು ಎಷ್ಟೆಂಬುದು. ಅದನ್ನು ಅಚ್ಚೊತ್ತಿದ ಚಿಕ್ಕ ತಗಡೊಂದು ಮುಚ್ಚಳದ ಬೋಲ್ಟಿನಡಿ ಇರಬೇಕಿತ್ತು. ಇರಲಿಲ್ಲ. ಮೈಯೆಲ್ಲ ತುಕ್ಕು, ತಗಡಿದ್ದ ಜಾಗ ಮಾತ್ರ ಫಳಫಳ. ಯಾರೋ ಮೊನ್ನೆ ಮೊನ್ನೆ ಬಿಚ್ಚಿದ ಹಾಗೆ.

"ತಗಡಿಲ್ಲ ಅಂದ್ರೆ ಎಣಿಸ್ಲೇಬೇಕಲ್ಲ" ಎಂದ ಭಾವ. "ನೀನೇ ಎಣ್ಸು. ಜೋರಾಗಿ ಎಣ್ಸು, ತಪ್ಪಬಾರ್ದು."

"ನೀವೂ ಎಣಿಸಿ ಭಾವ, ತಾಳೆ ನೋಡೋಣ."

ಭಾವ ಬಾಗಿಲಿಗೆ ಹೋಗಿ, ಬಾಯಿಗೆ ಕೈ ಅಡ್ಡ ಹಿಡಿದು ನಿಂತ.

ಸೀಮೆಸುಣ್ಣದಲ್ಲಿ ಗೀಟೆಳೆದು ಗಿಳಿ ಚಕ್ರವನ್ನು ಹತ್ತು ಸುತ್ತು ತಿರುಗಿಸಿದ. ಅದರ ಜೊತೆ ಎಂಜಿನ್ ದಂಡ ಸೇರುವ ಮುಂದಿನ ಮೂತಿ ಎಷ್ಟು ಸುತ್ತುತ್ತದೆಂದು ಜೋರಾಗಿ ಎಣಿಸಿದ. ಹಳೆ ಗೇರ್ ಎಣ್ಣೆ ಕೊಳೆತ ಮೊಟ್ಟೆಯಂತೆ ನಾರಿತು. ಹದಿನೇಳಕ್ಕೆ ಅವನಿಗೆ ಕೆಮ್ಮು ಬಂತು. ಎಣಿಕೆ ನಿಂತದ್ದು ನಲವತ್ತೊಂದಕ್ಕೆ. ಬಾಗಿಲಲ್ಲಿ ಭಾವ, ವರ್ಷಗಟ್ಟಲೆ ಹೊತ್ತ ಮೂಟೆ ಇಳಿಸಿದವನಂತೆ ಉಸಿರುಬಿಟ್ಟ.

ಮಧ್ಯಾಹ್ನ ಊಟದ ಡಬ್ಬಿ ತಂದ ಅಕ್ಕ ಕೇಳಿದಳು, "ಎಣಿಸ್ದೇನೋ ಗಿಳೀ? ಎಷ್ಟು ಬಂತು?"

ಸ್ಪ್ಯಾನರು ಯಾವುದು ಸೌಟು ಯಾವುದು ಎಂದು ಕೇಳುವ ಅಕ್ಕ! ಗಿಳಿಗೆ ಹೆಮ್ಮೆಯಾಯಿತು. "ನಲವತ್ತೊಂದು" ಎಂದ. ಅಕ್ಕ ಅವನ ತಲೆಯನ್ನು ಎದೆಗೊತ್ತಿಕೊಂಡಳು, ಅಮ್ಮ ಸತ್ತ ದಿನ ಒತ್ತಿಕೊಂಡ ಹಾಗೆ. ಕಣ್ಣು ತುಂಬಿತ್ತು. ಈರುಳ್ಳಿ ಹೆಚ್ಚಿದ್ದು ಕಣೋ, ಎಂದಳು. ಡಬ್ಬಿಯಲ್ಲಿ ಈರುಳ್ಳಿಯೇ ಇರಲಿಲ್ಲ.

ನಾಲ್ಕನೇ ದಿನಕ್ಕೆ ಆಕ್ಸಲ್ ಕಾರಿನಡಿ ಕೂತಿತು. ಬ್ರೇಕಿನ ಕೊಳವೆಯಲ್ಲಿ ಸಿಕ್ಕಿದ್ದ ಗಾಳಿ ತೆಗೆದು, ಹೊಸ ಎಣ್ಣೆ ತುಂಬಿದ್ದಾಯಿತು.

"ಮೊದಲ್ನೇ ಸುತ್ತು ನಿಂದೇ" ಎಂದು ಭಾವ ಕೀಲಿ ಎಸೆದ.

ಹಾಡುಹಗಲು. ಬೆಟ್ಟದ ರಸ್ತೆ ಖಾಲಿ. ಕಾರು ಬಿಟ್ಟ ಬಾಣದಂತೆ ಏರಿತು. ಗಿಳಿ ಶಿಳ್ಳೆ ಹಾಕಿದ. ಮೊದಲ ತಿರುವು.

*ಒಂದು.*

ಬೆನ್ನ ಹಿಂದೆ, ನೆಲದಡಿಯಿಂದ ದನಿ. ಗೇರಿನ ಗುಂಯ್‌ಗುಡುವಿಕೆ ಇರಬೇಕು. ಇನ್ನೊಂದು ತಿರುವು.

*ಎರಡು.*

ಅವನದೇ ದನಿ. ಜಗತ್ತಿನ ದನಿಗಳನ್ನೆಲ್ಲ ಕದ್ದವನ ದನಿಯನ್ನು ಯಾರೋ ಕದ್ದಿದ್ದರು. ತಿರುವಿಗೊಂದರಂತೆ ಎಣಿಕೆ ಏರಿತು. ಹದಿನೇಳಕ್ಕೆ ಅದು ಕೆಮ್ಮಿತು. ಅದೇ ಕೆಮ್ಮು.

ಗಿಳಿ ಬ್ರೇಕ್ ಒತ್ತಿದ. ಕಾಲು ಹತ್ತಿಯಲ್ಲಿ ಇಳಿದಂತೆ ಇಳಿಯಿತು. ಕಾರಿನೊಳಗೆ ಕೊಳೆತ ಮೊಟ್ಟೆಯ ನಾತ. ಹಗಲು ಇದ್ದಕ್ಕಿದ್ದಂತೆ ಕಂದಿತು. ಎದೆಯ ಮೇಲೆ ಏನೋ ಭಾರ. ಒಂದೊಂದು ಎಣಿಕೆಗೂ ಒಂದೊಂದು ಮಣ.

*ಇಪ್ಪತ್ತೆಂಟು.*

ಎಂಜಿನ್ ಆರಿಸಲು ಕೀಲಿಗೆ ಕೈ ಹಾಕಿದ. ತಿರುಗಲಿಲ್ಲ. ಕೀಲಿಗೊಂಚಲಿನಲ್ಲಿ ಏನೋ ತೂಗಾಡಿ ಬೆರಳಿಗೆ ತಾಗಿತು. ಚಿಕ್ಕ ತಗಡು. ಅಂಚಿನಲ್ಲಿ ಬೋಲ್ಟಿನ ತೂತು. ಮೇಲೆ ಅಚ್ಚೊತ್ತಿದ ಅಂಕಿ: ಹತ್ತಕ್ಕೆ ನಲವತ್ತೊಂದು.

ಭಾವನಿಗೆ ಲೆಕ್ಕ ಗೊತ್ತಿತ್ತು. ಜಾಕ್ ಇಳಿಸಿದ ಜೊತೆಗಾರ ಯಾರೆಂದೂ ಈಗ ಗಿಳಿಗೆ ಗೊತ್ತಾಯಿತು. ಬೇಕಿದ್ದದ್ದು ಬದಲಿ ಆಕ್ಸಲ್ ಅಲ್ಲ. ಬದಲಿ ಆಳು.

*ಮೂವತ್ತನಾಲ್ಕು.*

ಎದೆಗೂಡು ಲಟಕ್ಕೆಂದಿತು. ದನಿ ಕೇಳಿ ಹಿಡಿಯುತ್ತೆ. ದನಿ ಕೇಳಿ. ಗಿಳಿ ಬಾಯಿ ತೆರೆದ. ಭಾವನ ಗೊಗ್ಗರು ದನಿ ಎಳೆದು ತಂದ. "ಒಂದು! ಎರಡು! ಮೂರು!" ಉಸಿರಿಲ್ಲ. ಎಣಿಸಿದ. ತಿರುವು. *ಮೂವತ್ತೇಳು.* "ಹದಿನೆಂಟು! ಹತ್ತೊಂಬತ್ತು!" ಭಾವನ ಕೆಮ್ಮು ಕ್ಯಾಕರಿಕೆ ಸಮೇತ ಎಣಿಸಿದ. *ಮೂವತ್ತೊಂಬತ್ತು.* "ಮೂವತ್ತು!" ಮುಂದೆ ತಡೆಗೋಡೆ. ಆಚೆ ಪ್ರಪಾತ. *ನಲವತ್ತು.*

"ನಲವತ್ತೊಂದು!" ಮೊದಲು ಮುಟ್ಟಿದ್ದು ಭಾವನ ದನಿ.

ಸದ್ದಡಗಿತು. ತಡೆಗೋಡೆಗೆ ಗೇಣಷ್ಟು ಇರುವಾಗ ಕಾರು ನಿಂತಿತು. ನೆಲದಡಿ ಯಾರೋ ಹೊಸ ರುಚಿ ನೋಡುವವರಂತೆ ಚಪ್ಪರಿಸಿದರು. ಎದೆಯ ಭಾರ ಹಾರಿಹೋಯಿತು.

ಗಿಳಿ ಮರಳಿದಾಗ, ಕಾರಿನಡಿ ಇಳಿದು ಕೆಲಸ ಮಾಡುವ ಗ್ಯಾರೇಜಿನ ಗುಂಡಿಯಲ್ಲಿ ಭಾವ ಅಂಗಾತ ಬಿದ್ದಿದ್ದ. ಮೇಲೆ ಏನೂ ಇರಲಿಲ್ಲ. ಆದರೂ ಎದೆ ಚಪಾತಿಯಂತೆ ಚಪ್ಪಟೆಯಾಗಿತ್ತು. ತೆರೆದ ಬಾಯಿಯ ತುಂಬ ಕಪ್ಪು ಗೇರ್ ಎಣ್ಣೆ, ಕೂದಲು.

ಭಾವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅಕ್ಕ. ಅವಳಿಗೆ ಹೇಗೆ ಹೇಳುವುದು? ನಿನ್ನ ಗಂಡ ನನ್ನನ್ನು ಕೊಲ್ಲಲು ಹೊರಟಿದ್ದ ಎಂದೇ? ನಾನೇ ಅವನನ್ನು ಕೊಂದೆ ಎಂದೇ? ಫೋನು ತೆಗೆದು ಕಿವಿಗಿಟ್ಟುಕೊಂಡ.

"ಹಲೋ" ಎಂದ.

ಹೊರಟದ್ದು ಭಾವನ ದನಿ. ಗಂಟಲು ಸರಿಮಾಡಿಕೊಂಡು ಮತ್ತೆ "ಹಲೋ" ಎಂದ. ಮತ್ತೂ ಭಾವನದೇ. ತನ್ನ ದನಿಗಾಗಿ ಗಂಟಲೆಲ್ಲ ತಡಕಾಡಿದ. ಅಲ್ಲಿ ಅದು ಇರಲಿಲ್ಲ.

"ರೀ..." ಅಕ್ಕ ಪಿಸುಗುಟ್ಟಿದಳು. "ಆಯ್ತಾ?"

ಗಿಳಿ ಫೋನನ್ನು ಕಿವಿಗೆ ಒತ್ತಿಹಿಡಿದ.

"ತುಂಬಾ ಒದ್ದಾಡಿದ್ನೇನ್ರೀ ನನ್ ಗಿಳಿ? ಮಾತಾಡ್ರೀ. ನಿಮ್ಮನ್ನ ಉಳಿಸ್ಕೊಳ್ಳೋಕೆ ತಾನೇ ನಾನೂ ಹೂಂ ಅಂದಿದ್ದು?"

ಅಮ್ಮ ಸತ್ತ ದಿನದ ಆ ಅಪ್ಪುಗೆ. ಈರುಳ್ಳಿಯಿಲ್ಲದ ಆ ಕಣ್ಣೀರು. ಗಿಳಿ ಕಣ್ಣು ಮುಚ್ಚಿದ. ಹೊರಗೆ ಆರಿಸಿಟ್ಟು ಬಂದ ಕಾರಿನಡಿ ಹಿಂದಿನ ಚಕ್ರಗಳೆರಡೂ ಮೆಲ್ಲಗೆ ಒಂದೇ ದಿಕ್ಕಿಗೆ ತಿರುಗತೊಡಗಿದ್ದು ಕೇಳಿಸಿತು.

"ಇಲ್ಲ ಕಣೇ" ಎಂದಿತು ಭಾವನ ದನಿ. "ಅವನಿಗೇನೂ ಗೊತ್ತಾಗ್ಲಿಲ್ಲ. ಕಾರು ತಗೊಂಡು ಮನೆಗೇ ಬರ್ತಿದೀನಿ. ಒಂದು ಸುತ್ತು ಹೋಗ್ಬರೋಣ. ಬಾಗಿಲಲ್ಲೇ ನಿಂತಿರು."