ಅತ್ತೆ ಊದಿದ ಒಲೆ

ಯಾರೂ ನಂಬಬೇಕಿಲ್ಲ, ಪಾತ್ರೆ ತೊಳೆಯುತ್ತ ನಾನು ಕಂಡದ್ದು ಇಷ್ಟೇ.

ನ್ಯುಮೋನಿಯಾದಿಂದ ಎದ್ದ ನಮ್ಮತ್ತೆ ಹುಚ್ಚಕ್ಕನಿಗೆ, ಉಸಿರಿನ ಸ್ನಾಯುಗಳು ಗಟ್ಟಿಯಾಗಲೆಂದು, ಹಿರಿಯೂರಿನ ಡಾಕ್ಟರು ಕೈಯಲ್ಲಿ ಹಿಡಿಯುವ ಮೂರು ಚೆಂಡಿನ ಸಾಧನ ಕೊಟ್ಟಿದ್ದರು. ನಳಿಕೆ ಕಚ್ಚಿ ಉಸಿರು ಒಳಗೆಳೆದರೆ ಚೆಂಡುಗಳು ಮೇಲೇಳುತ್ತವೆ. ಸೋಮವಾರದೊಳಗೆ ಮೂರೂ ಏಳದಿದ್ದರೆ ಮತ್ತೆ ಆಸ್ಪತ್ರೆಗೆ ಸೇರಿಸಬೇಕಿತ್ತು.

ಅತ್ತೆ ಎಳೆಯುವ ಬದಲು ಊದುತ್ತಿದ್ದರು.

“ಊದಬ್ಯಾಡ್ರಿ ಅತ್ತೆ, ಒಳಕ್ಕೆ ಎಳ್ಕಳ್ರಿ.”

“ಐವತ್ತು ವರ್ಷ ಕೊಳವೆ ಹಿಡ್ದು ಒಲೆ ಊದಿರೋ ಬಾಯಿ ಕಣೇ ಇದು. ನಿನ್ನ ಗ್ಯಾಸು ಬಂದ ಮ್ಯಾಲೆ ಸುಮ್ನೈತೆ, ಮರ್ತಿಲ್ಲ!”

ನಗುತ್ತ ಇನ್ನೊಮ್ಮೆ ಊದಿದರು. ಚೆಂಡು ಅಲುಗಲಿಲ್ಲ. ನಾನು ಪಾತ್ರೆ ತೊಳೆಯುತ್ತಿದ್ದ ಹಿತ್ತಿಲಲ್ಲಿ, ಅವರ ಬೆನ್ನ ಹಿಂದೆ, ಏಳು ವರ್ಷದಿಂದ ಉರಿಸದ ಸೌದೆ ಒಲೆಯ ಬೂದಿ ಸರ್ರನೆ ಎದ್ದಿತು. ಗಾಳಿಯಿರಲಿಲ್ಲ, ಒಣಹಾಕಿದ ಸೀರೆಯ ಸೆರಗೂ ಅಲುಗಿರಲಿಲ್ಲ. ಮತ್ತೆ ಊದಿದರು. ಬೂದಿಯಡಿ ಕೆಂಡವೊಂದು ಕೆಂಪಾಯಿತು. ಹೆದರಿಯಾರೆಂದು ನಾನು ಹೇಳಲಿಲ್ಲ.

ಎಪ್ಪತ್ತು ದಾಟಿದ ಆ ಜೀವ, ಕೆಮ್ಮಿ ಸುಸ್ತಾದರೂ ಬಿಡದೆ, ಉಸಿರೆಳೆಯುವುದನ್ನು ಮಗುವಿನಂತೆ ಹೊಸದಾಗಿ ಕಲಿಯಿತು. ಭಾನುವಾರ ಬೆಳಗ್ಗೆ ಒಂದು, ಎರಡು, ಕೊನೆಗೆ ಮೂರನೇ ಚೆಂಡೂ ಟಕ್ಕೆಂದು ಮೇಲೆ ತಾಗಿತು. ಅದೇ ಗಳಿಗೆಯಲ್ಲಿ, ಅಲ್ಲಿಯವರೆಗೂ ಆರದಿದ್ದ ಹಿತ್ತಿಲ ಕೆಂಡ ಕಪ್ಪಾಯಿತು. ಅತ್ತೆ ನಳಿಕೆ ತೆಗೆದು ಉಸಿರು ಬಿಟ್ಟರು. ಬಾಯಿಂದ ತೆಳ್ಳಗೆ ಹೊಗೆ ಬಂತು. ಜಾಲಿ ಸೌದೆಯ ವಾಸನೆ.

“ಗೆದ್ದೆ ನೋಡೇ!” ಎಂದರು.

ಗೆದ್ದದ್ದು ನಿಜ. ಆಸ್ಪತ್ರೆ ತಪ್ಪಿತು, ಈಗ ಕುರಿಹಟ್ಟಿಯವರೆಗೆ ಒಬ್ಬರೇ ನಡೆದು ಬರುತ್ತಾರೆ. ಅಂಥ ಛಲ ನನಗಿಲ್ಲ.

ಇವತ್ತು ಅವರು ಅತ್ತ ಹೋದಾಗ ಆ ಒಲೆಯ ಬೂದಿ ಬಾಚಲು ಕೈ ಹಾಕಿದೆ. ಬೆರಳ ಮೇಲಿನ ಬೊಬ್ಬೆ ಇನ್ನೂ ಉರಿಯುತ್ತಿದೆ.